ಹಾಡುವ ಬಾಯಿ ದ್ರಾಕ್ಷಿ ತಿನ್ನುವುದಿಲ್ಲ

ಮೊನ್ನೆ ಕನ್ನಡಕದ ಡಬ್ಬಿ ತೆರೆದರೆ ಒಳಗೆ ಒಂದು ಒಣದ್ರಾಕ್ಷಿಯ ತೊಟ್ಟು ಕೂತಿತ್ತು. ತೊಟ್ಟೆಂದರೆ ಎಷ್ಟರದು, ಬೆಂಕಿಕಡ್ಡಿಯ ಮೊಮ್ಮಗನಷ್ಟು. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಅದು ಸಿಗದ ಜಾಗವಿಲ್ಲ. ಹಾಸಿಗೆಯಲ್ಲಿ ಸಿಗುತ್ತದೆ, ಸೀರೆಯ ನಿರಿಗೆಯಲ್ಲಿ ಸಿಗುತ್ತದೆ. ಒಮ್ಮೆ ಬೀಗರಿಗೆ ಬಡಿಸಿದ ಪಾಯಸದಲ್ಲಿಯೂ ಸಿಕ್ಕಿತ್ತು. ಬೀಗರು ಅದನ್ನು ಹೊರತೆಗೆದು, ಎಲ್ಲರಿಗೂ ಕಾಣುವಂತೆ ತಾಟಿನ ಅಂಚಿನಲ್ಲಿಟ್ಟು, ಮೌನವಾಗಿ ಊಟ ಮುಗಿಸಿದ್ದರು. ಆ ಸಂಬಂಧ ಇಂದಿಗೂ ಚೆನ್ನಾಗಿದೆ; ಪಾಯಸದ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ.

ಆದರೆ ಈ ತೊಟ್ಟು ಅಂಥ ಸಾಮಾನ್ಯ ಕುಲದ್ದಲ್ಲ. ಇದು ವಿಜಯಪುರದ ಒಂದು ಚರ್ಚಿನ ಕೆಂಪು ಜಮಖಾನೆಯ ಮೇಲಿಂದ ಬಂದದ್ದು. ಹೀಗಾಗಿ ಅದನ್ನು ಬಿಸಾಡುವ ಮುನ್ನ ಅದರ ಚರಿತ್ರೆಯನ್ನು ಹೇಳಿಬಿಡುವುದು ಹಿರಿಯಳಾದ ನನ್ನ ಕರ್ತವ್ಯ. ಕೇಳುವವರಿಗೆ ಪುರಸತ್ತು ಇರಬೇಕು, ಅಷ್ಟೇ.

ಚರಿತ್ರೆ ನನ್ನ ಅತ್ತೆಯವರಿಂದ ಶುರುವಾಗುತ್ತದೆ. ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ. ಕೊಟ್ಟರೂ ಅವರು ಅದನ್ನು ಬೆಳಕಿಗೆ ಹಿಡಿದು, ಕಸಕಡ್ಡಿ ಇದೆಯೇ ನೋಡಿಯೇ ತೆಗೆದುಕೊಂಡಾರು. ದ್ರಾಕ್ಷಿಯನ್ನು ಬೆಳೆದು ಒಣಗಿಸುವವರೆಗಿನದು ನಮ್ಮಲ್ಲಿ ಗಂಡಸರ ಕೆಲಸ. ಬಿಸಿಲು, ಗಾಳಿ ಮತ್ತು ದೇವರ ಪಾಲೂ ಅದರಲ್ಲಿ ಸ್ವಲ್ಪ ಇದೆ ಎಂದರೆ ಅವರು ಒಪ್ಪುವುದಿಲ್ಲ. ಆಮೇಲಿನದು ಹೆಂಗಸರದು. ಶೆಡ್ಡಿನ ನೆರಳಲ್ಲಿ ತಾಡಪತ್ರಿ ಹಾಸಿ, ಒಣದ್ರಾಕ್ಷಿ ಗುಡ್ಡೆ ಸುರಿದು, ಸುತ್ತಲೂ ಕೂತು, ಒಂದೊಂದೇ ಹಣ್ಣಿನ ತೊಟ್ಟು ಮುರಿದು ಬೇರೆ ಮಾಡಬೇಕು. ಇದಕ್ಕೆ ಹಸನು ಮಾಡುವುದು ಎನ್ನುತ್ತೇವೆ. ಜೋಳಕ್ಕೂ ಅದೇ ಮಾತು, ಅಕ್ಕಿಗೂ ಅದೇ ಮಾತು. ಆದರೆ ಜೋಳ ಹಸನು ಮಾಡುವವರು ಜೋಳ ತಿನ್ನುವುದಿಲ್ಲ. ದ್ರಾಕ್ಷಿಯ ತೊಂದರೆ ಅಲ್ಲಿಯೇ ಇದೆ. ಗುಡ್ಡೆ ಮುಂದಿರುತ್ತದೆ, ಕೈ ಗುಡ್ಡೆಯಲ್ಲಿರುತ್ತದೆ, ಬಾಯಿ ಕೈಯಿಂದ ಮೊಳದ ದೂರದಲ್ಲಿರುತ್ತದೆ. ಋಷಿಗಳಾದರೂ ಸಂಜೆಯವರೆಗೆ ತಡೆಯಲಾರರು.

ಅತ್ತೆಯವರು ಯಾರಿಗೂ "ತಿನ್ನಬ್ಯಾಡ್ರಿ" ಎನ್ನಲಿಲ್ಲ. ಅದು ಹಗುರ ಮಾತು, ಮನೆತನಕ್ಕೆ ತಕ್ಕುದಲ್ಲ. ಅವರು ಎಲ್ಲರೂ ಹಾಡಬೇಕು ಎಂದರು. ಅಭಂಗವೋ, ಸೋಬಾನೆಯೋ, ಸಿನಿಮಾದ್ದೋ, ತವರು ಬೈಯುವ ಪದವೋ, ಯಾವುದಾದರೂ ಸರಿ. "ಹಾಡಾಕತ್ತ ಬಾಯಿ ತಿನ್ನೂದಿಲ್ಲ" ಎಂಬುದು ಅವರ ಸಿದ್ಧಾಂತ. ಶೆಡ್ಡಿನ ಬಾಗಿಲಲ್ಲಿ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಸಾಲಿನಲ್ಲಿ ಒಂದು ದನಿ ಕಡಿಮೆಯಾದರೆ ಸಾಕು, ಕಣ್ಣು ತೆರೆಯದೆ ಕೇಳುತ್ತಿದ್ದರು: "ಯಾರವ್ವಾ ಅದು, ಬಾಯಾಗ ಏನೈತಿ?" ನಮ್ಮ ಶೆಡ್ಡಿನಲ್ಲಿ ಮೌನವೇ ಸಾಕ್ಷಿ. ಕೊನೆಯ ಗುಡ್ಡೆ ಮುಗಿದ ಮೇಲೆ ಮಾತ್ರ ಹಾಡು ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಬೊಗಸೆ ತಿನ್ನಲು ಕೊಡುತ್ತಿದ್ದರು. ಅತ್ತೆಯವರು ಹೋದ ಮೇಲೆ ಹೊರಸು ನನಗೆ ಬಂತು, ಸಿದ್ಧಾಂತವೂ ಬಂತು.

ಈಗ ಮೊಮ್ಮಕ್ಕಳ ಪ್ರವೇಶ. ನನ್ನ ಕಿರಿಯ ಮಗ ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆ ಕಟ್ಟಿಕೊಂಡು ತೋಟಗಳಿಗೆ ನೀರಿನ ಪೈಪು ಮಾರುತ್ತಾನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಭೂಮಿಕಾ, ಒಂಬತ್ತನೆಯ ಕ್ಲಾಸು. ಚಿಕ್ಕವಳು ಸಾನ್ವಿ, ನಾಲ್ಕನೆಯದು. ನನ್ನ ನಾಲಿಗೆಗೆ ಅವ್ವ ಎಂಬ ಬಾಲವಿಲ್ಲದ ಹೆಣ್ಣುಹೆಸರು ಒಗ್ಗುವುದಿಲ್ಲವಾದ್ದರಿಂದ ಭೂಮವ್ವ, ಸಾನವ್ವ ಎಂದು ಕರೆಯುತ್ತೇನೆ. ಸಾನವ್ವ ಓಗೊಡುತ್ತಾಳೆ. ಭೂಮವ್ವ ಗೆಳತಿಯರು ಹತ್ತಿರ ಇಲ್ಲದಾಗ ಮಾತ್ರ ಓಗೊಡುತ್ತಾಳೆ.

ಇಬ್ಬರೂ ಬೇಸಿಗೆ ಸೂಟಿಗೆ ತಿಕೋಟಾಕ್ಕೆ ಬಂದು ಶೆಡ್ಡಿನಲ್ಲಿ ಕೂರುವವರು. ಸಾನವ್ವ ಹಾಡು ಕಲಿತದ್ದು ಅಲ್ಲಿಯೇ, ಹೆಂಗಸರ ನಡುವೆ, ಮಡಿಲಲ್ಲಿ ದ್ರಾಕ್ಷಿ ಇಟ್ಟುಕೊಂಡು. ದನಿ ಒಳ್ಳೆಯದಿದೆ. ಇದನ್ನು ಅವಳ ಅಜ್ಜಿಯಾಗಿ, ಆಯಿಯಾಗಿ ಹೇಳುತ್ತಿಲ್ಲ, ಶೆಡ್ಡಿನ ಯಜಮಾನಿಯಾಗಿ ಹೇಳುತ್ತಿದ್ದೇನೆ. ಆ ಕೂಸು ಹಾಡಿದ ದಿನ ಕೆಲಸದವರು ಚಹಾ ಕೇಳುವುದನ್ನು ಮರೆಯುತ್ತಿದ್ದರು.

ಇಂಥ ಸಾನವ್ವ ಆಗಸ್ಟಿನಲ್ಲಿ ಶಾಲೆಯ ಧ್ವಜವಂದನೆಯ ದಿನ, ಇಡೀ ಶಾಲೆಯ ಎದುರು, ಮೈಕಿನ ಮುಂದೆ ಸಾವಧಾನ್ ನಿಂತು, ಬಾಯಿ ತೆರೆದು, ಬರೀ ಉಸಿರು ಬಿಟ್ಟು ಇಳಿದುಬಂದಳು. ಮೈಕು ಬಹಳ ಒಳ್ಳೆಯದಿತ್ತಂತೆ. ಉಸಿರು ಗೇಟಿನವರೆಗೂ ಕೇಳಿಸಿತಂತೆ. ಅವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರು ಪಂಪ್ ಎಂದಾಯಿತು.

ಆದರೂ ಅವಳ ಸಂಗೀತದ ಕರುಣಾ ಟೀಚರ್ ಬಿಡಲಿಲ್ಲ. ಒಂದು ಮಧ್ಯಾಹ್ನ ಈ ಹುಡುಗಿ ಒಬ್ಬಳೇ ಕೂತು ಪೆಟ್ಟಿಗೆಯಿಂದ ಮುರಿದ ಸೀಮೆಸುಣ್ಣ ಆರಿಸುತ್ತ ಹಾಡಿಕೊಳ್ಳುವುದನ್ನು ಅವರು ಕೇಳಿದ್ದರು. ಕ್ರಿಸ್ಮಸ್ಸಿನ ಮುಂಚಿನ ಭಾನುವಾರ ಸಂಜೆ ತಮ್ಮ ಚರ್ಚಿನಲ್ಲಿ ಮಕ್ಕಳ ಹಾಡುಗಳ ಆರಾಧನೆ ಇದೆ, ಮನೆಯವರು ಒಪ್ಪಿದರೆ ಶಾಲೆಯ ಮಕ್ಕಳೂ ಬರಬಹುದು ಎಂದರು. ಮೊದಲ ಹಾಡಿನ ಮೊದಲ ಸಾಲನ್ನು ಸಾನವ್ವ ಒಬ್ಬಳೇ ಹಾಡಬೇಕು. ಆಮೇಲೆ ಉಳಿದವರು ಕೂಡಿಕೊಳ್ಳುತ್ತಾರೆ.

ಅದೇ ಭಾನುವಾರ ಸೊಸೆಯ ತಮ್ಮನ ಹೆಂಡತಿಗೆ ಬಬಲೇಶ್ವರದಲ್ಲಿ ಕುಬಸ. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವಾಗ ಗಂಡನ ಅಕ್ಕ ಇಲ್ಲದಿದ್ದರೆ ಮುಂದೆ ಮೂರು ತಲೆಮಾರು ಅದರ ಮಾತು ಉಳಿಯುತ್ತದೆ. ಮಗ ಸೊಸೆ ಇಬ್ಬರೂ ಹೋಗಲೇಬೇಕು. ಆದ್ದರಿಂದ ಮಕ್ಕಳನ್ನು ನೋಡಿಕೊಳ್ಳಲು, ಚರ್ಚಿಗೆ ಕರೆದೊಯ್ಯಲು ತಿಕೋಟಾದಿಂದ ನನ್ನನ್ನು ಕರೆಸಲಾಯಿತು. ತಿಕೋಟಾದ ಮನೆಯಲ್ಲಿರುವ ದೊಡ್ಡ ಸೊಸೆ ಕೇಳಿದಳು, "ಅತ್ತಿ, ಚರ್ಚಿನ್ಯಾಗ ಹೆಂಗ ಇರಬೇಕಂತ ನಿಮಗ ಗೊತ್ತೈತೇನ್ರಿ?" ದೇವರ ಮನೆಯಲ್ಲಿ ಹೇಗಿರಬೇಕೆಂದು ನನಗೆ ಹೇಳಿಕೊಡುವ ಸೊಸೆ ಇನ್ನೂ ಹುಟ್ಟಿಲ್ಲ ಎಂದು ಹೇಳಿ, ಯಾವ ದೇವರ ಮನೆಗಾದರೂ ಬರಿಗೈಲಿ ಹೋಗಬಾರದೆಂಬ ನಿಯಮದಂತೆ, ಟೀಚರಿಗೆ ಕೊಡಲು ಒಂದು ಸ್ಟೀಲಿನ ಡಬ್ಬಿ ಒಣದ್ರಾಕ್ಷಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಅಥಣಿ ರಸ್ತೆಯ ಮನೆಯಲ್ಲಿ ಮಗ ಸೊಸೆ ಹೊರಡುವ ಗಡಿಬಿಡಿಯಲ್ಲಿದ್ದರು. ಸೊಸೆ ನನ್ನನ್ನು ಅಡಿಗೆಮನೆಗೆ ಕರೆದು ದನಿ ತಗ್ಗಿಸಿದಳು.

"ಅತ್ತಿ, ಕೂಸಿಗೆ ಒತ್ತಾಯ ಮಾಡಬ್ಯಾಡ್ರಿ. ಬಾಜೂಕ ಇನ್ನೊಂದು ಹುಡುಗೀನ ತಯಾರ ಮಾಡಿ ನಿಲ್ಲಿಸ್ಯಾರ. ಇಕಿ ಬಾಯಿ ಬಿಡಲಿಲ್ಲಂದ್ರ ಆಕಿ ಹಾಡ್ತಾಳ."

"ಇಕೀಗೆ ಗೊತ್ತೈತೇನು?"

"ಗೊತ್ತೈತ್ರಿ. ಇವತ್ತ ಬರಲಿಲ್ಲಂದ್ರ ಇನ್ನ ಜನ್ಮದಾಗ ಹಾಡೂದಿಲ್ಲ ಅಂದಾಳ."

ಒಂಬತ್ತು ವರ್ಷದವರು ಜನ್ಮದ ಮಾತಾಡಿದರೆ ನಗಬೇಕು. ನಕ್ಕೆ. ಹೊರಗೆ ಬಂದು ನೋಡಿದರೆ ಬಾಗಿಲ ಹಿಂದೆ ಸಾನವ್ವ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಈ ಹುಡುಗಿಯ ವಯಸ್ಸಿನಲ್ಲಿ ನಾನೂ ಹಟ ಹಿಡಿದು ಬಿಟ್ಟ ವಸ್ತುಗಳಿವೆ. ಒಮ್ಮೆ ಬಿಟ್ಟ ಬೆಂಡೆಕಾಯಿಯನ್ನು ಇಂದಿಗೂ ಮುಟ್ಟಿಲ್ಲ. ಜನ್ಮದ ಮಾತುಗಳು ಕೆಲವೊಮ್ಮೆ ಆ ವಯಸ್ಸಿನಲ್ಲಿಯೇ ಆಗಿಬಿಡುತ್ತವೆ.

ಸಂಜೆಯವರೆಗೆ ಮನೆಯಲ್ಲಿ ಕೂತರೆ ಕೂಸು ಹೆದರಿಕೆಯನ್ನೇ ಮೆಲ್ಲುತ್ತದೆ. ಆದ್ದರಿಂದ ಸವಾರಿ ಹೊರಡಿಸಿದೆ. "ಎಲ್ಲಿಗೆ ಹೋಗೂಣು?" ಎಂದರೆ ಭೂಮವ್ವ ಮಾಲ್ ಎಂದಳು, ಸಾನವ್ವ ಎಲ್ಲಿಯೂ ಬೇಡ ಎಂದಳು. ನಾನು ಗೋಳಗುಮ್ಮಟ ಎಂದೆ. ಅಧ್ಯಕ್ಷರ ಮತವೇ ಗೆದ್ದಿತು.

ಗೋಳಗುಮ್ಮಟದ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ನನ್ನ ತವರು ಕನಮಡಿ. ಸಣ್ಣವಳಿದ್ದಾಗ ನನ್ನ ಆಯಿ, "ವಿಜಾಪುರಕ್ಕ ಹೋಗೂಣು ಬಾ, ಗೋಳಗುಮ್ಮಟ ತೋರಸ್ತೀನಿ" ಎಂದು ಹೊಸ ಪರಕಾರ ತೊಡಿಸಿ ಬಸ್ಸಿನಲ್ಲಿ ಕರೆತಂದಳು. ಕಿಟಕಿಯಿಂದ ಗುಮ್ಮಟ ಕಂಡಿತು. "ನೋಡಿದೇನು? ನಡೀ ಇನ್ನ" ಎಂದು ನೆಟ್ಟಗೆ ಅಕ್ಕಸಾಲಿಗನ ಅಂಗಡಿಗೆ ಒಯ್ದು ಎರಡೂ ಕಿವಿ ಚುಚ್ಚಿಸಿದಳು. ಮರಳುವಾಗ ಗುಮ್ಮಟ ಮತ್ತೆ ಕಂಡಿತಂತೆ. ನಾನು ಆಯಿಯ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದೆ. ನಮ್ಮ ಆಯಿಗೆ ಕೆಲಸವಿಲ್ಲದೆ ಊರು ಸುತ್ತುವುದು ಎಂದರೆ ಪಾಪ. ಕೈ ಖಾಲಿ ಇಟ್ಟುಕೊಂಡು ಹಾಡುವುದೂ ಅದೇ ಲೆಕ್ಕದ್ದು. ಬೀಸುವಾಗ ಹಾಡುತ್ತಿದ್ದಳು, ಕುಟ್ಟುವಾಗ ಹಾಡುತ್ತಿದ್ದಳು. ಸುಮ್ಮನೆ ಕೂತಾಗ "ಆಯಿ, ಒಂದು ಹಾಡು" ಎಂದರೆ, "ಕೈ ಸುಮ್ಮ ಕುಂತಾಗ ಹಾಡ ಎಲ್ಲಿಂದ ಬರತೈತಬೇ, ನಾ ಏನ ನಾಟಕದಾಕೇನು?" ಎನ್ನುತ್ತಿದ್ದಳು. ಇದನ್ನು ನಾನು ಅವತ್ತು ಸೋಮಾರಿತನ ಎಂದು ತಿಳಿದಿದ್ದೆ.

ಗುಮ್ಮಟ ಹತ್ತಿದ್ದನ್ನು ವಿವರಿಸುವುದಿಲ್ಲ. ನನ್ನ ಎರಡು ಮೊಣಕಾಲುಗಳಲ್ಲಿ ಎಡಗಡೆಯದು ಆಡಳಿತ ಪಕ್ಷ, ಬಲಗಡೆಯದು ವಿರೋಧ ಪಕ್ಷ. ಅವತ್ತು ಮೊದಲ ಬಾರಿಗೆ ಎರಡೂ ಒಮ್ಮತದಿಂದ ಪ್ರತಿಭಟಿಸಿದವು. ನಮ್ಮ ಹಿಂದೆ ಬರುತ್ತಿದ್ದ ಸೋಲಾಪುರದ ಕಡೆಯ ಇಡೀ ಕುಟುಂಬವೊಂದು ಇಕ್ಕಟ್ಟಿನ ಮೆಟ್ಟಿಲಲ್ಲಿ ನನ್ನ ಹಿಂದೆಯೇ ಭಕ್ತಿಪೂರ್ವಕವಾಗಿ ನಿಂತು ನಿಂತು ಬಂತು. ಭೂಮವ್ವ ಮುಂದೆ ಹೋಗಿ, ತನಗೂ ನನಗೂ ಸಂಬಂಧವಿಲ್ಲದಂತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು.

ಮೇಲೆ ಪಿಸುಮಾತಿನ ಗ್ಯಾಲರಿ. ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಕಡೆ ಕಿವಿಗೆ ಬಿದ್ದೀತು ಎಂಬುದು ಲೋಕಪ್ರಸಿದ್ಧ. ಜನ ಮಾತ್ರ ಪಿಸುಗುಟ್ಟಲು ಬಂದು ಕೂಗಿ ಹೋಗುತ್ತಾರೆ. ಗದ್ದಲ ಸ್ವಲ್ಪ ತಗ್ಗಿದಾಗ ನಾನು ಸಾನವ್ವನಿಗೆ, "ನೀ ಇಲ್ಲೇ ಗ್ವಾಡಿಗೆ ಮಾರಿ ಮಾಡಿ ನಿಂತು ಒಂದ ಸಾಲ ಹಾಡು. ನಾ ಆ ಕಡಿಗೆ ನಿಂತ ಕೇಳ್ತೀನಿ. ಯಾರೂ ನಿನ್ನ ನೋಡೂದಿಲ್ಲ" ಎಂದು ಹೇಳಿ, ಆಚೆ ಬದಿಗೆ ಹೋಗಿ, ಕಿವಿಯನ್ನು ತಣ್ಣನೆಯ ಗೋಡೆಗೆ ಒತ್ತಿ ನಿಂತೆ. ಅದೇ, ಹಿಂದೆ ಚುಚ್ಚಿಸಿಕೊಂಡ ಕಿವಿ.

ಹಾಡು ಬರಲಿಲ್ಲ. ಉಸಿರು ಬಂತು. ಮಗ್ಗುಲಲ್ಲಿಯೇ ಮಲಗಿದ ಕೂಸಿನ ಉಸಿರಿನಂತೆ ಸ್ಪಷ್ಟವಾಗಿ ಬಂತು. ಆಮೇಲೆ ಮೆಲ್ಲಗೆ ಮಾತು:

"ಆಯಿ... ಬರವಲ್ದಬೇ."

ಇಷ್ಟು ದೊಡ್ಡ ಗುಮ್ಮಟವನ್ನು ಕಟ್ಟಿ, ಇಷ್ಟು ಜಾಣತನದಿಂದ ಗೋಡೆ ತಿರುಗಿಸಿ, ಕೊನೆಗೆ ಒಂದು ಕೂಸಿನ ಸೋಲನ್ನು ನನ್ನ ಕಿವಿಯವರೆಗೆ ತಂದು ಮುಟ್ಟಿಸಿದ ಹಾಗಾಯಿತು. ಆಚೆ ನೋಡಿದೆ. ಹುಡುಗಿ ಎರಡೂ ಅಂಗೈಗಳನ್ನು ಗೋಡೆಗೆ ಬಲವಾಗಿ ಒತ್ತಿ, ಗೋಡೆಯೇ ಬೀಳುತ್ತದೆಂಬಂತೆ ಹಿಡಿದುಕೊಂಡು ನಿಂತಿದ್ದಳು.

ಇಳಿದು ಬಂದು ಬೇವಿನ ನೆರಳಲ್ಲಿ ಕೂತೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಬಿಚ್ಚಿದೆ. ಭೂಮವ್ವ ಸುತ್ತಲೂ ನೋಡಿ, "ಆಯಿ, ಇಲ್ಲಿ ಎಲ್ಲಾರೂ ಪಫ್ ತಿನ್ನಾಕತ್ತಾರ" ಎಂದಳು. "ತಿನ್ಲಿ. ಅವರ ಆಯಿ ಬಂದಿಲ್ಲ, ಪಾಪ" ಎಂದೆ. ಸಾನವ್ವ ಅರ್ಧ ರೊಟ್ಟಿ ಮುರಿದು ಹಾಗೆಯೇ ಇಟ್ಟಳು. ಬಬಲೇಶ್ವರದಿಂದ ಸೊಸೆಯ ಫೋನು ಬಂತು. ಹಿಂದೆ ಹೆಂಗಸರು ಕುಬಸದ ಹಾಡು ಹಾಡುತ್ತಿದ್ದರು. "ಕೂಸು ಉಂಡಿತೇನ್ರಿ ಅತ್ತಿ? ಬ್ಯಾಡಂದ್ರ ಬಿಡಸ್ರಿ. ಟೀಚರಿಗೆ ನಾ ಫೋನ್ ಮಾಡ್ತೀನಿ" ಎಂದಳು. ಫೋನು ಸ್ಪೀಕರಿನಲ್ಲಿತ್ತು, ಅದನ್ನು ಆರಿಸುವುದು ನನಗೆ ಬರುವುದಿಲ್ಲ. ಸಾನವ್ವ ಕೇಳಿಸಿಕೊಂಡಳು. ತಲೆ ತಗ್ಗಿಸಿ, "ಮಾಡ ಅನ್ನು ಆಯಿ" ಎಂದಳು.

"ಸಂಜೀಗೆ ಇನ್ನ ಹೊತ್ತೈತಿ. ಆಮ್ಯಾಲ ಹೇಳ್ತೀನಿ" ಎಂದು ಫೋನು ಇಟ್ಟೆ. ಬಾಯಿ ಸಿಹಿ ಮಾಡೋಣವೆಂದು ದ್ರಾಕ್ಷಿ ಡಬ್ಬಿ ತೆರೆದೆ.

ತೆರೆದವಳು ಹಾಗೆಯೇ ಕೂತೆ. ನಮ್ಮ ಅಡಿಗೆಮನೆಯ ಮಾಡಿನಲ್ಲಿ ಒಂದೇ ನಮೂನೆಯ ಎರಡು ಡಬ್ಬಿಗಳಿವೆ. ಒಂದರಲ್ಲಿ ಹಸನು ಮಾಡಿದ್ದು, ಇನ್ನೊಂದರಲ್ಲಿ ಮಾಡಬೇಕಾದದ್ದು. ನಾನು ತಂದದ್ದು ಎರಡನೆಯದು. ಪ್ರತಿಯೊಂದು ಹಣ್ಣಿಗೂ ಬಾಲ. ತಿಕೋಟಾದ ದ್ರಾಕ್ಷಿ ಮನೆಯವಳು ಪರರ ಕೈಗೆ ತೊಟ್ಟಿನ ದ್ರಾಕ್ಷಿ ಕೊಡುವುದೆಂದರೆ, ಅರಿವೆ ಅಂಗಡಿಯವನು ಹರಕು ಅಂಗಿಯಲ್ಲಿ ಮದುವೆಗೆ ಹೋದಂತೆ. ಅತ್ತೆಯವರು ಸ್ವರ್ಗದಲ್ಲಿ ಹೊರಸಿನಿಂದ ಎದ್ದು ಕೂತಿರಬೇಕು.

"ಏಳ್ರಿ ಏಳ್ರಿ, ಕೈ ಹಚ್ಚರ್ರಿ" ಎಂದು ಟವೆಲ್ಲು ಹಾಸಿ ಅದರ ಮೇಲೆ ಒಂದಿಷ್ಟು ಸುರಿದೆ. "ಇಲ್ಲೇ? ಎಲ್ಲಾರ ಮುಂದ?" ಎಂದು ಭೂಮವ್ವ ಅಳುವುದೊಂದೇ ಬಾಕಿ. ಆದರೆ ಮನೆತನದ ಮಾನದ ಪ್ರಶ್ನೆ, ಗೊಣಗುತ್ತಲೇ ಕೂತಳು. ಮೂವರೂ ಬಗ್ಗಿ ತೊಟ್ಟು ಮುರಿಯತೊಡಗಿದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಅಭ್ಯಾಸಬಲದಿಂದ, "ಯಾಕ, ಬಾಯಾಗ ಏನೈತಿ?" ಎಂದೆ.

ಸಾನವ್ವ ಹಾಡತೊಡಗಿದಳು.

ತಲೆ ಎತ್ತಲಿಲ್ಲ, ತಯಾರಿ ಮಾಡಲಿಲ್ಲ. ಬೆರಳು ಒಂದು ತೊಟ್ಟು ಮುರಿಯಿತು, ಹಾಡು ಶುರುವಾಯಿತು. ಹುಲ್ಲಿನ ಮೇಲೆ ಮಲಗಿದ ಕೂಸು, ಆಕಾಶದಿಂದ ಅದನ್ನು ಕಾಯುವ ಚಿಕ್ಕಿ ಎಂದೇನೋ ಇತ್ತು. ಅದೇ ಸಂಜೆಯ ಸಾಲು. ಭೂಮವ್ವ ಕಣ್ಣರಳಿಸಿ, "ಆಯಿ, ಹಾಡಾಕ..." ಎನ್ನುವಷ್ಟರಲ್ಲಿ ಅವಳ ತೊಡೆ ಚಿವುಟಿದೆ. ಸೋಲಾಪುರದ ಕುಟುಂಬ ಹತ್ತಿರ ಬಂದು, "ಅರೇ ವಾ!" ಎಂದು ಚಪ್ಪಾಳೆ ತಟ್ಟಿತು. ಹುಡುಗಿ ಬೆಚ್ಚಿದಳು. ಮೊದಲು ಬೆರಳು ನಿಂತಿತು. ಅದರ ಹಿಂದೆ ದನಿ ನಿಂತಿತು. ಆ ಕ್ರಮದಲ್ಲಿ.

ನನ್ನ ಆಯಿಯ ಮಾತು ಅಷ್ಟು ವರ್ಷ ತಡವಾಗಿ, ಬೇವಿನ ಮರದ ಕೆಳಗೆ ಬಂದು ನನಗೆ ಅರ್ಥವಾಯಿತು. ಈ ಕೂಸಿಗೆ ಹಾಡು ಗಂಟಲಲ್ಲಿ ಇಲ್ಲ, ಬೆರಳಿನಲ್ಲಿದೆ. ಕಲಿಸಿದವರು ನಾವೇ, ಕೈಗೆ ಕೆಲಸ ಕೊಟ್ಟು ಬಾಯಿ ಕಾದೆವು. ಈಗ ಕೈ ಕಟ್ಟಿ ನಿಲ್ಲಿಸಿ ಹಾಡು ಎಂದರೆ ಅದೆಲ್ಲಿಂದ ಬಂದೀತು?

ಟವೆಲ್ಲಿನ ಮೇಲೆ ಹಸನಾದದ್ದನ್ನು ಕಾಗದದ ಪೊಟ್ಟಣ ಕಟ್ಟಿದೆ. ಡಬ್ಬಿಯ ಮುಚ್ಚಳ ಹಾಕಿದೆ.

"ಇನ್ನ ಅರ್ಧ ಉಳದೈತಲ್ಲ?" ಎಂದಳು ಭೂಮವ್ವ.

"ಅದು ಸಂಜೀಕಿನ ಕೆಲಸ" ಎಂದೆ.

ಚರ್ಚು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಆಟೋದಲ್ಲಿ ಭೂಮವ್ವ ನನಗೆ ಪಾಠ ಮಾಡಿದ್ದಳು: ಜೋರಾಗಿ ಮಾತಾಡಬಾರದು, ಗಂಟೆ ಹುಡುಕಬಾರದು, ಪ್ರದಕ್ಷಿಣೆ ಹಾಕಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಡಬ್ಬಿ ತೆಗೆಯಬಾರದು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ನನ್ನವೆರಡೇ ಚಪ್ಪಲಿ, ಊರು ಬಿಟ್ಟು ಬಂದ ಗಂಡಹೆಂಡಿರಂತೆ ಕೂತಿದ್ದವು. ಒಳಗೆ ಹೆಂಗಸರು ಒಂದು ಬದಿಗೆ, ಗಂಡಸರು ಒಂದು ಬದಿಗೆ. ಈ ವ್ಯವಸ್ಥೆ ನನಗೆ ಮೆಚ್ಚುಗೆಯಾಯಿತು.

ಕರುಣಾ ಟೀಚರ್ ಬಾಗಿಲಲ್ಲಿ ಸಿಕ್ಕರು. ಸಪೂರ ಹೆಣ್ಣುಮಗಳು, ಕಣ್ಣಲ್ಲಿ ನಿದ್ದೆಗೆಟ್ಟ ಕಳೆ. "ಬರ್ರಿ ಅಮ್ಮಾರ, ಭಾಳ ಚಲೋ ಆತು ನೀವು ಬಂದಿದ್ದು" ಎಂದು, ಸಾನವ್ವನಿಗೆ ಬಿಳಿ ನಿಲುವಂಗಿ ಹಾಕಿ, ಬೆನ್ನಿಗೆ ಹೊಳೆಯುವ ಕಾಗದದ ರೆಕ್ಕೆ ಕಟ್ಟಿದರು. "ಕೈ ಮುಗದ ನಿಲ್ಲಬೇಕು ನೋಡ ಸಾನ್ವಿ. ಅಲಗಾಡಬಾರದು" ಎಂದು ಹೇಳಿ ಬೇರೆ ಮಕ್ಕಳ ರೆಕ್ಕೆ ಕಟ್ಟಲು ಓಡಿದರು.

ನಾನು ಡಬ್ಬಿಯಿಂದ ಒಂದು ಹಿಡಿ ತೆಗೆದು ದೇವದೂತೆಯ ಅಂಗೈಗೆ ಹಾಕಿದೆ.

"ಕೈ ಮುಗಿ. ಒಳಗ ಇಟ್ಕೋ."

"ಟೀಚರ್ ಬೈತಾರಬೇ."

"ಬೈದ್ರ ನನಗ ಬೈಲಿ. ಸರತಿ ಬಂದಾಗ ಹಸನ ಮಾಡು, ಅಷ್ಟ. ಹಾಡೂ ವಿಚಾರ ಬಿಡು."

ನನ್ನ ಮಗ್ಗುಲಲ್ಲಿ ಬಿಳಿಸೀರೆಯ ಹಿರಿಯ ಹೆಂಗಸೊಬ್ಬರು ಕೂತಿದ್ದರು. "ಎಲ್ಲ್ಯಾವ್ರಿ?" ಎಂದರು. ತಿಕೋಟಾ ಎಂದೆ. "ಅಯ್ಯ, ದ್ರಾಕ್ಷಿ ಊರು. ನಮ್ಮ ಕೇಕಿಗೆ ನಿಮ್ಮ ಊರಿಂದನ ಬರತಾವ್ರಿ" ಎಂದು ಹಾಡಿನ ಪುಸ್ತಕವನ್ನು ನನ್ನತ್ತ ಸರಿಸಿ, ಸಾಲಿನ ಕೆಳಗೆ ಬೆರಳಿಟ್ಟರು. ಎದ್ದು ನಿಂತೆವು, ಕೂತೆವು, ಮತ್ತೆ ಎದ್ದೆವು. ಮೊಣಕಾಲಿನ ಎರಡೂ ಪಕ್ಷಗಳು ಸಭಾತ್ಯಾಗ ಮಾಡುವ ಹೊತ್ತಿಗೆ ಪಾದ್ರಿಗಳ ಪ್ರಾರ್ಥನೆ ಮುಗಿದು, ಮಕ್ಕಳು ಮುಂದೆ ಬಂದು ಸಾಲಾಗಿ ನಿಂತರು.

ನಡುವೆ ಸಾನವ್ವ. ಒಂದು ರೆಕ್ಕೆ ಜೋತು ಬಿದ್ದಿತ್ತು. ಮಗ್ಗುಲಲ್ಲಿ ಎತ್ತರದ ಹುಡುಗಿಯೊಬ್ಬಳು, ಬೇಕಾದರೆ ಎತ್ತಿಕೊಳ್ಳಲು ತಯಾರಾಗಿ. ಟೀಚರ್ ಕೀಬೋರ್ಡು ನುಡಿಸಿದರು. ರಾಗ ಬಂದು ಹಾಡಿನ ಬಾಗಿಲಲ್ಲಿ ನಿಂತಿತು. ಸಾನವ್ವ ಬಾಯಿ ತೆರೆದಳು. ಮೈಕಿನಲ್ಲಿ ಉಸಿರು ಕೇಳಿತು.

ಟೀಚರ್ ಇನ್ನೊಮ್ಮೆ ಮೊದಲಿನಿಂದ ನುಡಿಸಿದರು. ಹುಡುಗಿ ಮುಗಿದ ಕೈಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬಿಳಿಚಿದ್ದವು. ಹಸನು ಮಾಡುವುದನ್ನೇ ಮರೆತಿದ್ದಳು. ನಮ್ಮ ಹಿಂದಿನ ಸಾಲಿನಲ್ಲಿ ಶಾಲೆಯ ಯಾವನೋ ಪೋರ "ಪಂಪ್" ಎಂದ. ಎತ್ತರದ ಹುಡುಗಿ ಎದೆ ತುಂಬ ಉಸಿರು ತೆಗೆದುಕೊಂಡಳು.

ನಾನು ಡಬ್ಬಿಯ ಮುಚ್ಚಳ ತೆಗೆದೆ. ತಿಕೋಟಾದ ಸಂತೆಯಲ್ಲಿ ಕೊಂಡ ಗಟ್ಟಿ ಡಬ್ಬಿ, ಬಿಗಿ ಮುಚ್ಚಳ. ಮೆಲ್ಲಗೆ ತೆಗೆಯಬೇಕೆಂದೇ ಇದ್ದೆ. ಅದು ಕೈ ಜಾರಿ ಕಲ್ಲುಹಾಸಿನ ಮೇಲೆ ಬಿದ್ದು, ಠಣ್ ಎಂದು, ತನ್ನ ಸುತ್ತ ತಾನೇ ತಿರುಗಿ ತಿರುಗಿ, ಸಾವಕಾಶ ಮಲಗಿತು. ಇಡೀ ಸಭೆ ತಿರುಗಿ ನೋಡಿತು. ಭೂಮವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಾನವ್ವನೂ ನನ್ನನ್ನು ನೋಡಿದಳು. ನನಗೆ ಬೇಕಾದದ್ದು ಅಷ್ಟೇ. ನಾನು ಒಂದು ದ್ರಾಕ್ಷಿ ಎತ್ತಿ, ಎಲ್ಲರಿಗೂ ಕಾಣುವಂತೆ ಮುಖದ ಎದುರು ಹಿಡಿದು, ತೊಟ್ಟು ಮುರಿದೆ. ಇನ್ನೊಂದು ಎತ್ತಿದೆ, ಮುರಿದೆ.

ಬಿಳಿಸೀರೆಯವರು ಬಾಗಿ ಕೇಳಿದರು: "ಏನ್ ಮಾಡಾಕತ್ತೀರ್ರಿ?"

"ಹಸನ ಮಾಡಾಕತ್ತೇನ್ರಿ."

ಅವರು ನನ್ನ ಮುಖ ನೋಡಿದರು, ಮುಂದೆ ನಿಂತ ಕೂಸನ್ನು ನೋಡಿದರು. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು, "ನನಗೂ ಒಂದೀಟು ಕೊಡ್ರಿ" ಎಂದು ಕೈ ಚಾಚಿದರು.

ಅಲ್ಲಿ ಮುಂದೆ, ಮುಗಿದ ಕೈ ಬಿಚ್ಚಿತು. ಎಡಗೈ ಬಟ್ಟಲಾಯಿತು. ಬಲಗೈ ಅದರೊಳಗೆ ಇಳಿದು ಒಂದು ತೊಟ್ಟು ಮುರಿದು ಕೆಳಗೆ ಹಾಕಿತು.

ಹಾಡು ಬಂತು.

ಟೀಚರ್ ಕೀಬೋರ್ಡಿನಲ್ಲಿ ಒಂದು ಹೆಜ್ಜೆ ತಡವಾಗಿ ಅವಳನ್ನು ಹಿಂಬಾಲಿಸಿದರು. ಕಲಿಸಿದ್ದಕ್ಕಿಂತ ನಿಧಾನ ನಡೆ ಅದು. ಒಂದು ತೊಟ್ಟಿಗೆ ಒಂದು ಮಾತು, ಎರಡರ ನಡುವೆ ಗುಡ್ಡೆಯಿಂದ ಮುಂದಿನ ಹಣ್ಣು ಎತ್ತುವಷ್ಟು ಬಿಡುವು. ಉಳಿದ ಮಕ್ಕಳು ಕೂಡಿಕೊಂಡರು. ಅವರಿಗೂ ಆ ನಡೆಯೇ ಗತಿಯಾಯಿತು. ಹೀಗೆ ವಿಜಯಪುರದ ಒಂದು ಚರ್ಚಿನಲ್ಲಿ ಒಂದು ಸಂಜೆ ದೇವರ ಜನನದ ಹಾಡು ಪೂರ್ತಿಯಾಗಿ ತಿಕೋಟಾ ಶೆಡ್ಡಿನ ವೇಗದಲ್ಲಿ ನಡೆಯಿತು. ಭೂಮವ್ವ ಮುಖದ ಮೇಲಿನ ಕೈ ತೆಗೆಯಲಿಲ್ಲ. ಬೆರಳು ಮಾತ್ರ ಅಗಲಿಸಿದ್ದಳು, ಅದರ ನಡುವಿನಿಂದ ಒಂದು ಕಣ್ಣು ತಂಗಿಯನ್ನೇ ನೋಡುತ್ತಿತ್ತು. ಆ ಕಣ್ಣು ಒದ್ದೆಯಾಗಿತ್ತೆಂದು ನಾನು ಹೇಳಿದರೆ ಅವಳು ಒಪ್ಪುವುದಿಲ್ಲವಾದ್ದರಿಂದ ಹೇಳುವುದಿಲ್ಲ.

ಆರಾಧನೆ ಮುಗಿದು ಜನ ಕೇಕಿನತ್ತ ಸರಿದಾಗ ನಾನು ಮುಂದೆ ಹೋಗಿ, ಕೆಂಪು ಜಮಖಾನೆಯ ಮೇಲೆ ಬಿದ್ದ ತೊಟ್ಟುಗಳನ್ನು ಆರಿಸಿದೆ. ನಮ್ಮ ಮನೆಯವರು ಇನ್ನೊಬ್ಬರ ಅಂಗಳದಲ್ಲಿ ತೊಟ್ಟು ಬಿಟ್ಟು ಬರುವುದಿಲ್ಲ. ಹಾಕಲು ಬೇರೇನೂ ಇಲ್ಲದ್ದರಿಂದ ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡೆ. ಕರುಣಾ ಟೀಚರ್ ಬಂದು ನನ್ನ ಎರಡೂ ಕೈ ಹಿಡಿದರು. ಹಸನು ಮಾಡಿದ ಪೊಟ್ಟಣ ಅವರ ಕೈಗಿಟ್ಟೆ. "ತೊಟ್ಟ ಇಲ್ಲ ನೋಡ್ರಿ ಇದರಾಗ" ಎಂದೆ.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಗಳು ನನಗಾಗಿ ಕಾಯುತ್ತಿದ್ದವು. ಅವುಗಳ ಮಗ್ಗುಲಲ್ಲಿ ಸಾನವ್ವ ರೆಕ್ಕೆ ಸಮೇತ ಕೂತಿದ್ದಳು. ಎಲ್ಲರೂ ಕೇಕು ತಿನ್ನುತ್ತಿದ್ದರೂ ಇವಳ ಕೈಗೆ ಕೇಕು ಹಿಡಿಯಲು ಜಾಗವಿರಲಿಲ್ಲ. ನನ್ನನ್ನು ಕಂಡು ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಹಸನಾದ ದ್ರಾಕ್ಷಿ, ಬೆಚ್ಚಗೆ, ಬೆವರಿಗೆ ಅಂಟಂಟಾಗಿ.

"ಆಯಿ, ಒಂದೂ ತಿಂದಿಲ್ಲ ನೋಡು" ಎಂದಳು.

ಅತ್ತೆಯವರ ಕಾಲದಿಂದ ಆ ಶೆಡ್ಡಿನಲ್ಲಿ ಹಾಡಿದವರೆಷ್ಟೋ ಮಂದಿ. ಇಷ್ಟು ಪ್ರಾಮಾಣಿಕವಾಗಿ ವರದಿ ಒಪ್ಪಿಸಿದವರು ಯಾರೂ ಇಲ್ಲ. ನಾನೂ ಸೇರಿ.

"ಗುಡ್ಡಿ ಮುಗದೈತಿ" ಎಂದೆ. "ಇನ್ನ ತಿನ್ನು."

ಅವಳು ಮೂರು ಪಾಲು ಮಾಡಿದಳು. ಭೂಮವ್ವ, ಅಲ್ಲಿ ಕೇಕು ತಿನ್ನುತ್ತಿದ್ದ ಶಾಲೆಯ ಗೆಳತಿಯರ ಎದುರಿಗೇ ಬಂದು ನನ್ನ ಮಗ್ಗುಲಲ್ಲಿ ಕೂತು ತನ್ನ ಪಾಲು ಬಾಯಿಗೆ ಹಾಕಿಕೊಂಡಳು. ನಾನೂ ಒಂದು ಹಾಕಿಕೊಂಡು, ಅಭ್ಯಾಸದಂತೆ ಕಣ್ಣು ಮುಚ್ಚಿ ರುಚಿ ನೋಡಿದೆ. ಆ ವರ್ಷದ ಮಾಲು ಚೆನ್ನಾಗಿತ್ತು. ಸ್ವಲ್ಪ ಉಪ್ಪಾಗಿತ್ತು, ಅಷ್ಟೇ.